ಅರ್ಧ ಕಿಲೋಮೀಟರು ಬಾಕಿ

ಆ ಫೋಟೋದಲ್ಲಿ ನಾನೊಬ್ಬನೇ ನಗುತ್ತಿದ್ದೇನೆ. ಪಕ್ಕದಲ್ಲಿ ನೀಲಿ ಬಣ್ಣದ ಲೋಹದ ಶಿಲ್ಪ. ಅದರಾಚೆ ಪೂಲ್ ಬಂದರಿನ ಬಾಯಿ. ಈ ದಡದಿಂದ ಆ ದಡಕ್ಕೆ ಸರಪಳಿ ಹಿಡಿದುಕೊಂಡು ಓಡಾಡುವ ಒಂದು ಫೆರ್ರಿ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಅನ್ನುವ ಕರಾವಳಿಯ ಕಾಲುದಾರಿ ಮುಗಿಯುವುದು ಇಲ್ಲೇ, ಸೌತ್ ಹೇವನ್ ಪಾಯಿಂಟ್ ಅನ್ನುವ ಮರಳಿನ ಮೂತಿಯಲ್ಲಿ. ಸಾಮರ್‌ಸೆಟ್‌ನ ಮೈನ್‌ಹೆಡ್‌ನಿಂದ ಹೊರಟರೆ ಇಲ್ಲಿಗೆ 630 ಮೈಲಿ, ಅಂದರೆ 1014 ಕಿ.ಮೀ. 2016ರ ಏಪ್ರಿಲ್‌ನಲ್ಲಿ ಶುರು ಮಾಡಿ, ಕಂತು ಕಂತಾಗಿ ನಡೆದು, 2023ರ ಸೆಪ್ಟೆಂಬರ್‌ನ ಒಂದು ಸೋಮವಾರ ಮಧ್ಯಾಹ್ನ ನಾವಿಬ್ಬರೂ ಇಲ್ಲಿಗೆ ಬಂದು ತಲುಪಿದ್ದೆವು.

ನನ್ನ ಗೆಳೆಯ ಮಾತ್ರ ಫೋಟೋದಲ್ಲಿ ಸಾಲ ಇಟ್ಟುಕೊಂಡವನ ಹಾಗೆ ನಿಂತಿದ್ದಾನೆ.

"ನಗೋ ಸ್ವಲ್ಪ" ಅಂದೆ.

"ಇದು ಲೆಕ್ಕಕ್ಕಿಲ್ಲ ಮಾರಾಯ. ಇನ್ನೂ ಅರ್ಧ ಕಿಲೋಮೀಟರು ಬಾಕಿ ಇದೆ."

ಬಾಕಿ ಇದ್ದದ್ದು ನಿಜ. ಅದು ಬಾಕಿ ಉಳಿದದ್ದು ನನ್ನಿಂದ. ಅದನ್ನು ಹೇಳುವ ಮೊದಲು ಉಳಿದದ್ದನ್ನು ಸ್ವಲ್ಪ ಹೇಳಬೇಕು.

ಶುರುವಾದಾಗ ಇಬ್ಬರೂ ಒಂದೇ ಆಫೀಸಿನಲ್ಲಿದ್ದೆವು. ಒಂದು ವಾರಾಂತ್ಯ ಸುಮ್ನೆ ಎಲ್ಲಾದರೂ ನಡೆಯೋಣ ಅಂತ ಮೈನ್‌ಹೆಡ್‌ಗೆ ಹೋದವರು ನಾವು. ಅಲ್ಲಿ ಸಮುದ್ರದ ದಂಡೆಯ ರಸ್ತೆ ಬದಿಯಲ್ಲಿ ಎರಡು ದೊಡ್ಡ ಕೈಗಳು ನಕ್ಷೆ ಹಿಡಿದುಕೊಂಡ ಶಿಲ್ಪ ಇದೆ. ದಾರಿ ಶುರುವಾಗುವ ಗುರುತು ಅದು. ಮೂರು ದಿನ ನಡೆದೆವು. ಮೂರನೇ ದಿನ ಸಂಜೆ ಕಾಲು ಎತ್ತಿಡಲು ಆಗದೆ ಬಸ್ ಸ್ಟಾಪಿನಲ್ಲಿ ಕೂತಿದ್ದಾಗ ಅವನು, "ಉಳಿದದ್ದನ್ನೂ ನಡೆದೇ ಬಿಡೋಣವಾ?" ಅಂದ. ಆ ಹೊತ್ತಿಗೆ ಬಸ್ಸೊಂದು ಬಂದರೆ ಸಾಕಾಗಿತ್ತು ನನಗೆ. ಹೂಂ ಅಂದುಬಿಟ್ಟೆ.

ಎರಡು ವರ್ಷಕ್ಕೆ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಆಮೇಲೆ ನಾವು ಭೇಟಿಯಾಗುತ್ತಿದ್ದದ್ದು ಹೆಚ್ಚಾಗಿ ಈ ದಾರಿಯ ಮೇಲೆಯೇ. ವರ್ಷಕ್ಕೆ ಎರಡು ಕಂತು, ಒಂದೊಂದು ಸಲ ಮೂರು. 2020ರಲ್ಲಿ ಒಂದೂ ಇಲ್ಲ.

ಸಮುದ್ರದ ದಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಸಮತಟ್ಟು ಇರುತ್ತೆ, ಅಲ್ವಾ?" ಇಲ್ಲ. ಇಡೀ ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 35,000 ಮೀಟರ್ ಆಗುತ್ತದೆ. ಎವರೆಸ್ಟಿನ ಎತ್ತರವನ್ನು ನಾಲ್ಕು ಸಲ ಒಂದರ ಮೇಲೊಂದು ಇಟ್ಟ ಹಾಗೆ. ತಮಾಷೆ ಏನೆಂದರೆ ದಾರಿಯ ಅತಿ ಎತ್ತರದ ಜಾಗ, ಗ್ರೇಟ್ ಹ್ಯಾಂಗ್‌ಮನ್ ಅನ್ನುವ ಗುಡ್ಡ, ಬರೀ 318 ಮೀಟರ್. ಯಾವ ಗುಡ್ಡವೂ ದೊಡ್ಡದಲ್ಲ. ಆದರೆ ಮುಗಿಯುವುದಿಲ್ಲ. ಪ್ರತಿಯೊಂದು ಹಳ್ಳವೂ ಸಮುದ್ರ ಸೇರುವ ಆತುರದಲ್ಲಿ ಬಂಡೆಯನ್ನು ಕೊರೆದು ಒಂದು ಕಣಿವೆ ಮಾಡಿಟ್ಟಿದೆ. ಇಳಿ, ಸಣ್ಣ ಸೇತುವೆ ದಾಟು, ಹತ್ತು. ಮತ್ತೆ ಇಳಿ.

ಈ ದಾರಿ ಮಾಡಿದವರು ನಮ್ಮಂಥ ನಡೆಯುವ ಹುಚ್ಚಿನವರಲ್ಲ. ಕಳ್ಳಸಾಗಣೆ ಹಿಡಿಯಲು ಓಡಾಡುತ್ತಿದ್ದ ಕರಾವಳಿ ಕಾವಲಿನವರು. ಒಂದೊಂದು ಕೊಲ್ಲಿಯ ಒಳಗೂ ಇಣುಕಿ ನೋಡುವುದು ಅವರ ಕೆಲಸ. ಹಾಗಾಗಿ ದಾರಿ ಎಲ್ಲೂ ಅಡ್ಡ ಹಾಯುವುದಿಲ್ಲ, ಬಂಡೆಯ ಅಂಚನ್ನೇ ಹಿಡಿದು ಹೋಗುತ್ತದೆ. ತುಂಡು ತುಂಡಾಗಿ ಸೇರಿಸುತ್ತಾ ಬಂದು ಕೊನೆಯ ತುಂಡನ್ನು ಅಧಿಕೃತವಾಗಿ ತೆರೆದದ್ದು 1978ರಲ್ಲಿ. ಉದ್ದಕ್ಕೂ ಓಕ್ ಮರದ ಕಾಯಿಯ ಚಿತ್ರ ಕೊರೆದ ಕಂಬಗಳಿವೆ. ದಾರಿ ತಪ್ಪುವುದು ಕಷ್ಟ. ಮೈನ್‌ಹೆಡ್‌ನಿಂದ ಹೊರಟವರಿಗಂತೂ ಒಂದೇ ನಿಯಮ: ಸಮುದ್ರ ಬಲಗಡೆ ಇರಬೇಕು. ಎಡಗಡೆ ಬಂತು ಅಂದರೆ ನೀವು ವಾಪಸು ಹೋಗುತ್ತಿದ್ದೀರಿ ಅಂತ ಅರ್ಥ. ನಕ್ಷೆ ನೋಡಲು ಬಾರದ ನನಗೆ ಇಷ್ಟು ಸಾಕಾಗಿತ್ತು.

ನಮ್ಮ ಇನ್ನೊಂದು ನಿಯಮ ಕಾರಿನದು. ಮೊದಲೆರಡು ಕಂತಿನಲ್ಲಿ ಕಾರನ್ನು ಹೊರಡುವ ಜಾಗದಲ್ಲಿ ಬಿಟ್ಟು, ನಡೆದು ಮುಗಿಸಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಸಂಜೆಯ ಕೊನೇ ಬಸ್ಸಿಗಾಗಿ ಓಡಿ ಓಡಿ, ಸಮುದ್ರ ನೋಡುವುದಕ್ಕಿಂತ ವಾಚು ನೋಡಿದ್ದೇ ಜಾಸ್ತಿ. ಆಮೇಲೆ ಬುದ್ಧಿ ಬಂತು. ಬೆಳಿಗ್ಗೆ ಕಾರನ್ನು ಮುಗಿಯುವ ಜಾಗದಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಹಿಂದಕ್ಕೆ ಹೋಗಿ, ಅಲ್ಲಿಂದ ಕಾರಿನ ಕಡೆಗೆ ನಡೆಯುವುದು. ಎಷ್ಟು ತಡವಾದರೂ ಕಾರು ಕಾಯುತ್ತಿರುತ್ತದೆ. ಯಾರಾದರೂ ಇಂಥ ದಾರಿ ಹಿಡಿಯುವವರಿದ್ದರೆ ನಾನು ಹೇಳುವ ಮೊದಲ ಮಾತು ಇದು. ಎರಡನೆಯದು ಕಾಲಿನದು: ಬೊಬ್ಬೆ ಎದ್ದ ಮೇಲೆ ಪಟ್ಟಿ ಹಚ್ಚಿ ಪ್ರಯೋಜನ ಇಲ್ಲ. ಹಿಮ್ಮಡಿ ಬಿಸಿಯಾಗುತ್ತಿದೆ ಅನ್ನಿಸಿದ ಕ್ಷಣ ಬೂಟು ಬಿಚ್ಚಬೇಕು. ಇನ್ನು ಐದು ನಿಮಿಷ ಹೋಗಿ ನೋಡೋಣ ಅನ್ನುವ ಆ ಐದು ನಿಮಿಷದಲ್ಲೇ ಎಲ್ಲ ಕೆಡುವುದು.

ನಡಿಗೆಯಲ್ಲಿ ನಮ್ಮಿಬ್ಬರಿಗೂ ಸ್ವಲ್ಪವೂ ತಾಳೆ ಇಲ್ಲ. ಏರಿನಲ್ಲಿ ಅವನು ಮೇಕೆ. ಇಳಿಜಾರಿನಲ್ಲಿ ಅವನ ಮಂಡಿ ಹಟ ಹಿಡಿಯುತ್ತದೆ, ನಾನು ಮುಂದೆ ಹೋಗಿಬಿಡುತ್ತೇನೆ. ಹೀಗೆ ದಿನಕ್ಕೆ ಇಪ್ಪತ್ತು ಸಲ ಒಬ್ಬರನ್ನೊಬ್ಬರು ದಾಟುತ್ತಿದ್ದೆವು. ಯಾರು ಮೊದಲು ಗೇಟಿನ ಹತ್ತಿರ ತಲುಪುತ್ತಾರೋ ಅವರು ಕಾಯಬೇಕು. ತಲುಪಿದವನು ಸುಧಾರಿಸಿಕೊಂಡು ಎದ್ದು ನಿಂತು, ಹಿಂದೆ ಬಂದವನಿಗೆ ಉಸಿರಾಡಲೂ ಬಿಡದೆ "ಹೊರಡೋಣ್ವಾ?" ಅನ್ನುವುದು ನಿಷೇಧ. ಈ ಕಾನೂನು ಜಗಳವಾದ ಮೇಲೆ ಬಂದದ್ದು.

ಆ ಜಗಳ ಆದದ್ದು ಹಾರ್ಟ್‌ಲೆಂಡ್ ಕೀಯಿಂದ ಬ್ಯೂಡ್‌ಗೆ ಹೋಗುವಾಗ. ಒಂದೇ ದಿನದಲ್ಲಿ ಸುಮಾರು 25 ಕಿ.ಮೀ., ಹತ್ತು ಕಣಿವೆ. ಇಡೀ ದಾರಿಯಲ್ಲಿ ಅತಿ ಕಷ್ಟದ ದಿನ ಯಾವುದು ಅಂತ ಕೇಳಿದರೆ ಬಹಳ ಜನ ಇದನ್ನೇ ಹೇಳುತ್ತಾರೆ. ನಮಗೆ ಮಳೆಯೂ ಜೊತೆಗಿತ್ತು. ಮೇಲಿನಿಂದ ಬೀಳುವ ಮಳೆಯಲ್ಲ, ನೈಋತ್ಯದ ಗಾಳಿಗೆ ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಬಲಗಿವಿಯೊಳಗೆ ನುಗ್ಗುವಂಥದ್ದು. ಅರ್ಧ ದಿನದ ಹೊತ್ತಿಗೆ ನನ್ನ ಬಲಭಾಗ ಪೂರ್ತಿ ಒದ್ದೆ, ಎಡಭಾಗ ಒಣ. ಡೆವನ್ ದಾಟಿ ಕಾರ್ನ್‌ವಾಲ್‌ಗೆ ಕಾಲಿಟ್ಟದ್ದು ಒಂದು ಕಣಿವೆಯ ತಳದಲ್ಲಿ. ಅಲ್ಲಿ ಅವನು ಫೋಟೋ ತೆಗೆಯೋಣ ಅಂದ. ನಾನು, "ನಿನ್ನ ಫೋಟೋ ಮನೆ ಹಾಳಾಯ್ತು, ನಾನು ಇಲ್ಲಿಂದ ರಸ್ತೆ ಹಿಡಿದು ಹೋಗ್ತೀನಿ" ಅಂದೆ. ಅವನೂ ಏನೋ ಅಂದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ವಲ್ಪ ಮುಂದೆ ಮಾರ್ವೆನ್‌ಸ್ಟೋ ಹತ್ತಿರ, ಬಂಡೆಯ ಅಂಚಿನಿಂದ ನಾಲ್ಕು ಮೆಟ್ಟಿಲು ಕೆಳಗೆ ಒಂದು ಮರದ ಗೂಡು ಇದೆ. ಆ ಊರಿನ ಪಾದ್ರಿಯಾಗಿದ್ದ ರಾಬರ್ಟ್ ಸ್ಟೀಫನ್ ಹಾಕರ್ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಕೊಂಡದ್ದು. ಒಡೆದ ಹಡಗುಗಳಿಂದ ದಡಕ್ಕೆ ತೇಲಿ ಬಂದ ಮರದ್ದು. ಕೆಳಗೆ ಬಂಡೆಗೆ ಬಡಿದು ಸತ್ತ ನಾವಿಕರನ್ನು ತಂದು ಚರ್ಚಿನ ಅಂಗಳದಲ್ಲಿ ಮಣ್ಣು ಮಾಡುತ್ತಿದ್ದ ಮನುಷ್ಯ ಆತ. ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿರುವ ಆಸ್ತಿಗಳಲ್ಲೇ ಅತಿ ಚಿಕ್ಕದು ಈ ಗೂಡಂತೆ. ನಾಲ್ಕು ಜನ ಕೂತರೆ ಮೊಣಕೈ ತಾಗುತ್ತದೆ. ನಾವಿಬ್ಬರೇ ಕೂತಿದ್ದೆವು, ಮಧ್ಯೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು. ಗೋಡೆ ಹಲಗೆಯ ತುಂಬ ಬಂದು ಹೋದವರು ಕೆತ್ತಿದ ಹೆಸರುಗಳು. ನಾನು ಅದನ್ನೇ ಓದುತ್ತಿರುವ ಹಾಗೆ ನಟಿಸುತ್ತಿದ್ದೆ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಅವನು ಬ್ಯಾಗಿನ ತಳದಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಒಂದು ಜೊತೆ ಒಣ ಕಾಲುಚೀಲ ತೆಗೆದು ನನ್ನ ಪಕ್ಕ ಇಟ್ಟ. ಒಂದೇ ಜೊತೆ ಇದ್ದದ್ದು. ಹಾಕಿಕೊಂಡೆ. ಬ್ಯೂಡ್ ತಲುಪಿದಾಗ ರಾತ್ರಿ ಒಂಬತ್ತು. ಆ ಕಾಲುಚೀಲ ಇನ್ನೂ ವಾಪಸು ಕೊಟ್ಟಿಲ್ಲ.

ಕಾರ್ನ್‌ವಾಲ್ ಪೂರ್ತಿ ಹೇಳುತ್ತಾ ಹೋದರೆ ಈ ಬರಹ ಮುಗಿಯುವುದಿಲ್ಲ. ಇಂಗ್ಲೆಂಡಿನ ಪಶ್ಚಿಮದ ತುದಿ ಲ್ಯಾಂಡ್ಸ್ ಎಂಡ್‌ನಲ್ಲಿ ಜನಜಾತ್ರೆ, ಅದನ್ನು ದಾಟಿ ಹತ್ತು ನಿಮಿಷ ಹೋದರೆ ಯಾರೂ ಇಲ್ಲ. ಲಿಜರ್ಡ್, ಬ್ರಿಟನ್ನಿನ ದಕ್ಷಿಣದ ತುದಿ, ನನಗೆ ಅದಕ್ಕಿಂತ ಎಷ್ಟೋ ಇಷ್ಟವಾಯಿತು. ಪ್ಯಾಡ್‌ಸ್ಟೋ, ಫಾಲ್ಮತ್, ಫೋವಿ, ಹೀಗೆ ನದಿ ಬಂದಲ್ಲೆಲ್ಲ ದೋಣಿ. ಈ ದಾರಿಯಲ್ಲಿ ನದಿಗಳೇ ನಿಮ್ಮ ದಿನಚರಿ ಬರೆಯುವುದು. ದೋಣಿ ಎಷ್ಟು ಹೊತ್ತಿಗೆ, ಯಾವ ತಿಂಗಳು ಇರುತ್ತದೆ, ನೀರು ಇಳಿದಾಗ ಯಾವ ಕಟ್ಟೆಗೆ ಬರುತ್ತದೆ ಅಂತ ಮೊದಲೇ ನೋಡಿಕೊಂಡಿರಬೇಕು.

ಒಂದು ನದಿಗೆ ಮಾತ್ರ ದೋಣಿಯೂ ಇಲ್ಲ, ಹತ್ತಿರದಲ್ಲಿ ಸೇತುವೆಯೂ ಇಲ್ಲ. ದಕ್ಷಿಣ ಡೆವನ್‌ನ ಎರ್ಮ್.

ಎರ್ಮ್ ನದಿಯ ಅಳಿವೆಯ ಪಶ್ಚಿಮ ದಡ ಮದ್‌ಕೂಮ್, ಪೂರ್ವ ದಡ ವಾನ್‌ವೆಲ್. ಎರಡು ಕಡೆಯೂ ನೀರಿಗೆ ಇಳಿಯುವ ಕಲ್ಲಿನ ಇಳಿಜಾರು. ಮಧ್ಯೆ ಅರ್ಧ ಕಿಲೋಮೀಟರಿನ ಆಸುಪಾಸು ಮರಳು ಮತ್ತು ನೀರು. ಇಳಿತ ಪೂರ್ತಿ ಆಗುವ ಹೊತ್ತಿಗೆ, ಅದರ ಹಿಂದಿನ ಒಂದು ಗಂಟೆ, ಮುಂದಿನ ಒಂದು ಗಂಟೆ, ಅಷ್ಟರೊಳಗೆ ಬೂಟು ಬಿಚ್ಚಿ ನಡೆದು ದಾಟಬೇಕು. ತಪ್ಪಿದರೆ ಒಳನಾಡಿನ ರಸ್ತೆಯಲ್ಲಿ 13 ಕಿ.ಮೀ.ನಷ್ಟು ಸುತ್ತು.

2021ರ ಜೂನ್. ಲೆಕ್ಕದ ಜವಾಬ್ದಾರಿ ನನ್ನದು. ಉಬ್ಬರ ಇಳಿತದ ಪಟ್ಟಿಯಲ್ಲಿ ಇಳಿತ ಮಧ್ಯಾಹ್ನ 1:05ಕ್ಕೆ ಅಂತ ಇತ್ತು. ಇಂಥ ಪಟ್ಟಿಗಳನ್ನು ಗ್ರೀನಿಚ್ ಸಮಯದಲ್ಲಿ ಅಚ್ಚು ಹಾಕಿರುತ್ತಾರೆ, ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ನಾವೇ ಒಂದು ಗಂಟೆ ಕೂಡಿಸಿಕೊಳ್ಳಬೇಕು ಅಂತ ಎಲ್ಲೋ ಓದಿದ್ದೆ. ಕೂಡಿಸಿದೆ. 2:05. ನಾನು ನೋಡಿದ ಪಟ್ಟಿಯಲ್ಲಿ ಆ ಒಂದು ಗಂಟೆಯನ್ನು ಅವರೇ ಕೂಡಿಸಿಟ್ಟಿದ್ದರು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು.

ಆ ದಿನದ ನಡಿಗೆಯಾದರೂ ಕಷ್ಟದ್ದಾಗಿದ್ದರೆ ಬೇರೆ ಮಾತು. ನಾಸ್ ಮೇಯೋದಿಂದ ಹೊರಟ ದಾರಿ ಬಹಳ ದೂರ ಅಗಲ, ಸಮತಟ್ಟು. ಹಿಂದೆ ಲಾರ್ಡ್ ರೆವೆಲ್‌ಸ್ಟೋಕ್ ತನ್ನ ಅತಿಥಿಗಳನ್ನು ಕುದುರೆ ಗಾಡಿಯಲ್ಲಿ ಸುತ್ತಾಡಿಸಲು ಮಾಡಿಸಿದ್ದಂತೆ. ನಾವೂ ಲಾರ್ಡುಗಳ ಹಾಗೇ ನಡೆದೆವು. ಒಂದು ಕಡೆ ಹುಲ್ಲಿನ ಮೇಲೆ ಅಂಗಾತ ಮಲಗಿ ಮುಕ್ಕಾಲು ಗಂಟೆ ನಿದ್ದೆ ಕೂಡ ಮಾಡಿದೆವು. ಅವನು ಎರಡು ಸಲ ಕೇಳಿದ, "ಟೈಮಿದೆಯಾ?" "ಬೇಕಾದಷ್ಟಿದೆ" ಅಂದೆ.

ಮದ್‌ಕೂಮ್ ತಲುಪಿದಾಗ 2:25. ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು, ಪ್ಯಾಂಟು ಮಡಚಿಕೊಂಡು ಇಳಿದೆವು. ಅಮಾವಾಸ್ಯೆ ಆಗ ತಾನೆ ಕಳೆದಿತ್ತು. ಅಂಥ ದಿನಗಳಲ್ಲಿ ಇಳಿತ ಎಷ್ಟು ಕೆಳಗೆ ಹೋಗುತ್ತದೋ ಉಬ್ಬರ ಅಷ್ಟೇ ಜೋರಾಗಿ ವಾಪಸು ಬರುತ್ತದೆ. ಮೊದಲು ಮೊಣಕಾಲು, ನಾಲ್ಕು ಹೆಜ್ಜೆಗೆ ತೊಡೆ. ನೀರು ನದಿಯಿಂದ ಸಮುದ್ರದ ಕಡೆ ಹೋಗಬೇಕಿತ್ತು. ಅದು ಸಮುದ್ರದಿಂದ ನದಿಯ ಕಡೆ ಹೋಗುತ್ತಿತ್ತು. ಒಂದು ಹಸಿರು ಪಾಚಿಯ ಎಳೆ ನನ್ನ ಮುಂದೆಯೇ ಬಲದಿಂದ ಎಡಕ್ಕೆ ತೇಲಿಕೊಂಡು ಹೋಯಿತು. ಅದನ್ನು ನೋಡುತ್ತಾ ನಿಂತೆ. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ನನಗಿಂತ ಮುಂದಿದ್ದ ಅವನ ಬ್ಯಾಗಿನ ತಳ ಆಗಲೇ ನೀರಿಗೆ ತಾಗುತ್ತಿತ್ತು.

"ವಾಪಸು ಬಾರೋ" ಅಂತ ಕೂಗಿದೆ.

ಬಂದ. ದಡದಲ್ಲಿ ಕೂತು ಫೋನಿನಲ್ಲಿ ಪಟ್ಟಿ ತೆಗೆದು ನೋಡಿದ. ಕೆಳಗಿನ ಸಣ್ಣ ಅಕ್ಷರವನ್ನು ಜೋರಾಗಿ ಓದಿ ಹೇಳಿದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ಇಳಿತ ನಡುರಾತ್ರಿಯ ಮೇಲೆ. ಟ್ಯಾಕ್ಸಿ ಕರೆಸಿ ಸುತ್ತು ಹಾಕಿ ವಾನ್‌ವೆಲ್ ಕಡೆಗೆ ಹೋದೆವು. ಮಾರನೇ ದಿನ ಅಲ್ಲಿಂದ ಮುಂದಕ್ಕೆ ನಡೆದೆವು.

ಅವನ ಮನೆಯ ಗೋಡೆಯ ಮೇಲೆ ಇಡೀ ದಾರಿಯ ಒಂದು ನಕ್ಷೆ ಇದೆ. ನಡೆದಷ್ಟನ್ನೂ ಕೆಂಪು ಪೆನ್ನಿನಲ್ಲಿ ಎಳೆಯುತ್ತಾ ಬಂದಿದ್ದಾನೆ. ಎರ್ಮ್ ಹತ್ತಿರ ಗೆರೆ ನಿಲ್ಲಿಸಿ, ಪೆನ್ನು ಎತ್ತಿ, ಪಕ್ಕದಿಂದ ಮತ್ತೆ ಶುರು ಮಾಡಿದ್ದಾನೆ. ಆ ನಕ್ಷೆಯಲ್ಲಿ ಅರ್ಧ ಕಿಲೋಮೀಟರು ಅಂದರೆ ಪೆನ್ನಿನ ಮೊನೆಗಿಂತ ಸಣ್ಣದು. ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಮಾತ್ರ ಅವನ ಮನೆಗೆ ಹೋದಾಗಲೆಲ್ಲ ಮೊದಲು ಕಾಣುವುದು ಅದೇ.

ಆಮೇಲೆ ಎರಡು ವರ್ಷ ಉಳಿದ ಡೆವನ್, ಡಾರ್ಸೆಟ್. ಸೀಟನ್ ದಾಟಿದ ಮೇಲೆ ಲೈಮ್ ರೀಜಿಸ್‌ವರೆಗೆ ಒಂದು ಕಾಡು ಬರುತ್ತದೆ. 1839ರ ಕ್ರಿಸ್ಮಸ್ ಹೊತ್ತಿಗೆ ಹೊಲಗಳ ಸಮೇತ ನೆಲ ಕುಸಿದು ಜಾರಿದ ಜಾಗ. ಆಮೇಲೆ ಯಾರೂ ಉಳಲಿಲ್ಲ, ಮರ ಬಳ್ಳಿ ತಾವಾಗಿಯೇ ಬೆಳೆದವು. ಒಳಗೆ ಹೊಕ್ಕರೆ 11 ಕಿ.ಮೀ. ಪಕ್ಕಕ್ಕೆ ಹೋಗಲು ದಾರಿ ಇಲ್ಲ, ಸಮುದ್ರವೂ ಕಾಣುವುದಿಲ್ಲ. ಅಲೆಯ ಸದ್ದು ಮಾತ್ರ ಬಲಗಡೆಯಿಂದ.

ಚೆಸಿಲ್ ಬೀಚ್‌ನಲ್ಲಿ ಮರಳೇ ಇಲ್ಲ. 29 ಕಿ.ಮೀ. ಉದ್ದಕ್ಕೂ ಬರೀ ಗುಂಡುಕಲ್ಲು. ಪಶ್ಚಿಮದ ತುದಿ ವೆಸ್ಟ್ ಬೇ ಹತ್ತಿರ ಬಟಾಣಿಯಷ್ಟು, ಪೂರ್ವಕ್ಕೆ ಹೋಗುತ್ತಾ ಹೋಗುತ್ತಾ ದಪ್ಪ, ಪೋರ್ಟ್‌ಲೆಂಡ್ ಹತ್ತಿರ ಅಂಗೈ ತುಂಬುವಷ್ಟು. ರಾತ್ರಿ ಕತ್ತಲಲ್ಲಿ ದಡಕ್ಕೆ ಬಂದ ಮೀನುಗಾರರು ಕಲ್ಲನ್ನು ಮುಟ್ಟಿ ನೋಡಿ ಎಲ್ಲಿದ್ದೇವೆ ಅಂತ ಹೇಳುತ್ತಿದ್ದರಂತೆ. ಅಲ್ಲಿಂದ ಕಲ್ಲು ತೆಗೆದುಕೊಂಡು ಹೋಗುವ ಹಾಗಿಲ್ಲ. ನನ್ನ ಗೆಳೆಯ ವೆಸ್ಟ್ ಬೇಯಲ್ಲಿ ಒಂದು ಹಿಡಿ ಎತ್ತಿ, ಎಣಿಸಿ, ವಾಪಸು ಹಾಕಿದ. ಮೂವತ್ತೆಂಟು. ಮಾರನೇ ದಿನ ಪೋರ್ಟ್‌ಲೆಂಡ್ ಹತ್ತಿರ ಅದೇ ಕೈಯಲ್ಲಿ ಎರಡೇ ಹಿಡಿಸಿದವು. ಒಂದು ದಿನ ನಡೆದದ್ದನ್ನು ಹೀಗೂ ಅಳೆಯಬಹುದು ಅಂತ ನನಗೆ ಹೊಳೆದಿರಲಿಲ್ಲ.

ಕೊನೆಯ ಕಂತು ವೇಮತ್‌ನಿಂದ ನಾಲ್ಕು ದಿನ. ಶುಕ್ರವಾರವೇ ಹೊರಡಬೇಕಾದ ಕಾರಣ ಸೈನ್ಯ. ಲಲ್ವರ್ತ್ ಕೋವ್ ದಾಟಿದ ಮೇಲೆ ಕಿಮ್ಮರಿಜ್‌ವರೆಗಿನ ಜಾಗ ಟ್ಯಾಂಕುಗಳ ಗುಂಡು ಹಾರಿಸುವ ಮೈದಾನ. ಸಾಮಾನ್ಯವಾಗಿ ವಾರಾಂತ್ಯದಲ್ಲಿ, ಕೆಲವು ರಜೆಗಳಲ್ಲಿ ಮಾತ್ರ ದಾರಿ ತೆರೆಯುತ್ತಾರೆ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡುವಂತಿಲ್ಲ. ಈ ಸಲ ತೆರೆದಿರುವ ದಿನಗಳನ್ನು ನಾನು ಮೂರು ಸಲ ನೋಡಿದ್ದೆ. ಅವನು ನನಗೆ ಹೇಳದೆ ನಾಲ್ಕನೇ ಸಲ ನೋಡಿದ್ದ.

ಶನಿವಾರ ಆ ಮೈದಾನದ ಗೇಟು ದಾಟಿದೆವು. ಹಳದಿ ಕಂಬಗಳ ನಡುವೆಯೇ ನಡೆಯಬೇಕು, ನೆಲದ ಮೇಲೆ ಬಿದ್ದದ್ದನ್ನು ಮುಟ್ಟಬಾರದು. ಗುಡ್ಡದ ಮೇಲಿಂದ ಸ್ವಲ್ಪ ಒಳಕ್ಕೆ ಇಳಿದರೆ ಟೈನಮ್ ಅನ್ನುವ ಹಳ್ಳಿ ಸಿಗುತ್ತದೆ. ಯುದ್ಧದ ತಯಾರಿಗೆ ಬೇಕು ಅಂತ 1943ರ ಡಿಸೆಂಬರ್‌ನಲ್ಲಿ ಅಲ್ಲಿಯ ಜನರನ್ನೆಲ್ಲ ಖಾಲಿ ಮಾಡಿಸಿದರು. ಹೊರಡುವಾಗ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದರಂತೆ, ನಮ್ಮ ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ವಾಪಸು ಬರುತ್ತೇವೆ ಅಂತ. ವಾಪಸು ಬರಲು ಬಿಡಲಿಲ್ಲ. ಈಗ ಮನೆಗಳಿಗೆ ಸೂರಿಲ್ಲ. ಗೋಡೆಯ ಅರ್ಧ ಎತ್ತರದಲ್ಲಿ ಒಂದು ಒಲೆ ಗೂಡು, ಅದರ ಕೆಳಗೆ ಇರಬೇಕಾದ ನೆಲ ಇಲ್ಲ. ಮಹಡಿ ಇದ್ದದ್ದು ಅಲ್ಲಿ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ದಾರಿಯ ಮೇಲಿಲ್ಲದ ಊರಿಗೆ ನನ್ನ ಗೆಳೆಯ ಹೋಗೋಣ ಅಂದದ್ದು ಅದೊಂದೇ ಸಲ.

ಮಾರನೇ ದಿನ ಕಿಮ್ಮರಿಜ್ ಬಿಡುವಾಗ ಸಿಕ್ಕಿದ್ದು ಕ್ಲಾವೆಲ್ ಗೋಪುರ. 1830ರದ್ದು. ಕೆಳಗಿನ ಬಂಡೆ ಕುಸಿಯುತ್ತಾ ಬಂದದ್ದಕ್ಕೆ ಕಲ್ಲು ಕಲ್ಲಾಗಿ ಬಿಚ್ಚಿ, 25 ಮೀಟರ್ ಹಿಂದಕ್ಕೆ ತಂದು ಮತ್ತೆ ಕಟ್ಟಿದ್ದಾರೆ. 2008ರಲ್ಲಿ ಮುಗಿಯಿತಂತೆ ಆ ಕೆಲಸ. ಬಂಡೆಯಂಚಿನ ದಾರಿಯದ್ದೂ ಇದೇ ಕತೆ. ಕುಸಿದ ಕಡೆಯೆಲ್ಲ ಬೇಲಿಯನ್ನು ಒಳಕ್ಕೆ ಸರಿಸುತ್ತಾರೆ, ದಾರಿಯೂ ಸರಿಯುತ್ತದೆ. ಹಾಗಾಗಿ 1014 ಅನ್ನುವ ಲೆಕ್ಕವೂ ಅಲ್ಲಾಡುತ್ತಲೇ ಇರುತ್ತದೆ. ಇದನ್ನು ಹೇಳಿ, "ಅಂದಮೇಲೆ ಅರ್ಧ ಕಿಲೋಮೀಟರು ಹೆಚ್ಚು ಕಮ್ಮಿ ಆದರೇನು?" ಅಂತ ಕೇಳಿದೆ. ಅವನು ಉತ್ತರ ಕೊಡದೆ ಏರು ಹತ್ತಿದ.

ಸೋಮವಾರ ಸ್ವಾನೇಜ್‌ನಿಂದ ಹೊರಟು ಓಲ್ಡ್ ಹ್ಯಾರಿ ಬಂಡೆಗಳನ್ನು ದಾಟಿದರೆ ಗುಡ್ಡ ಮುಗಿಯಿತು. ಸಮುದ್ರದೊಳಗೆ ನಿಂತ ಬಿಳಿ ಸುಣ್ಣಕಲ್ಲಿನ ಕಂಬಗಳು ಅವು. ಅಲ್ಲಿಂದಾಚೆ ಸ್ಟಡ್‌ಲೆಂಡ್‌ನ ಉದ್ದನೆಯ ಮರಳು. ಏಳು ವರ್ಷದ ಏರಿಳಿತಕ್ಕೆ ಒಗ್ಗಿದ ಕಾಲಿಗೆ ಸಪಾಟು ನೆಲ ಸರಿ ಬರಲಿಲ್ಲ, ಮಂಡಿ ನೋಯತೊಡಗಿತು. ಆ ಬೀಚಿನ ಮಧ್ಯದ ಒಂದಷ್ಟು ಭಾಗ ಬಟ್ಟೆ ಇಲ್ಲದೆ ಬಿಸಿಲು ಕಾಯಿಸುವವರಿಗೆ ಮೀಸಲು. ಬೋರ್ಡು ಹಾಕಿದ್ದಾರೆ. ದಾರಿ ಅದರ ನಡುವೆಯೇ ಹೋಗುತ್ತದೆ. ಟೋಪಿ, ಕೋಲು, ಬೂಟು, ಬೆನ್ನ ಮೇಲೆ ಬ್ಯಾಗು, ಅಷ್ಟೆಲ್ಲ ಹೊತ್ತ ನಾವಿಬ್ಬರೇ ಅಲ್ಲಿ ವಿಚಿತ್ರವಾಗಿ ಕಾಣುತ್ತಿದ್ದೆವು. ಒಬ್ಬ ಅಜ್ಜ ಕುರ್ಚಿಯಿಂದ ಕೈ ಎತ್ತಿ, ಮೈನ್‌ಹೆಡ್‌ನಿಂದಲಾ ಅಂತ ಕೇಳಿದರು. ಹೌದು ಅಂದೆವು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂತೇ ತಟ್ಟಿದ್ದರೆ ಸಾಕಿತ್ತು.

ಹದಿನೈದು ನಿಮಿಷದ ಮೇಲೆ ಆ ನೀಲಿ ಶಿಲ್ಪ. ಆ ಫೋಟೋ. ಅವನ ಆ ಮುಖ.

ಮುಂದಿನ ವರ್ಷ, 2024ರ ಮೇ ತಿಂಗಳು, ಹುಣ್ಣಿಮೆಯ ಮರುದಿನ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಆ ಕರಾವಳಿಯಲ್ಲಿ ನೀರು ಅತಿ ಕೆಳಗಿಳಿಯುವುದು ಮಧ್ಯಾಹ್ನದ ಹೊತ್ತಿಗೆ. ಇಷ್ಟರಲ್ಲಿ ನಾನು ಅದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಇಳಿತ 12:50ಕ್ಕೆ. ಎರಡು ಬೇರೆ ಬೇರೆ ಪಟ್ಟಿಯಲ್ಲಿ, ಸಣ್ಣ ಅಕ್ಷರ ಸಮೇತ ನೋಡಿದ್ದೆ. ಇಬ್ಬರೂ ರಜೆ ಹಾಕಿ, ಅವನು ನಾಲ್ಕು ಗಂಟೆ, ನಾನು ಮೂರು ಗಂಟೆ ಕಾರು ಓಡಿಸಿಕೊಂಡು ಹೋದೆವು. ಅರ್ಧ ಕಿಲೋಮೀಟರಿಗೆ. ಆಫೀಸಿನಲ್ಲಿ ಏನಕ್ಕೆ ರಜೆ ಅಂತ ಕೇಳಿದಾಗ ಮನೆ ಕೆಲಸ ಅಂದಿದ್ದೆ. ನಿಜ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಮದ್‌ಕೂಮ್‌ನಲ್ಲಿ ಕಾರುಗಳನ್ನು ಬಿಟ್ಟು ಇಳಿಜಾರಿಗೆ ಬಂದಾಗ 12:30. ಅದೇ ಜಾಗವಾ ಅಂತ ಅನುಮಾನವಾಯಿತು. ಹೋದ ಸಲ ಬರೀ ನೀರು ಕಂಡಿದ್ದ ಕಡೆ ಈಗ ಬೀದಿಯಷ್ಟು ಅಗಲದ ಮರಳು, ಗೆರೆ ಗೆರೆಯಾಗಿ ಒಣಗುತ್ತಾ ಬಿದ್ದಿತ್ತು. ನದಿ ಮಧ್ಯದಲ್ಲಿ ಒಂದು ಪಟ್ಟಿಯಾಗಿ ಹರಿಯುತ್ತಿತ್ತು. ಒಂದು ನಾಯಿ ಆ ಕಡೆಯಿಂದ ಈ ಕಡೆಗೆ ನಡೆದು ಬಂದು, ಮೈ ಒದರಿ, ಮತ್ತೆ ಆ ಕಡೆಗೆ ಹೋಯಿತು. ಹೊಟ್ಟೆ ಕೂಡ ಪೂರ್ತಿ ಒದ್ದೆಯಾಗಿರಲಿಲ್ಲ ಅದಕ್ಕೆ.

ಅವನು ನನ್ನ ಮುಖ ನೋಡಿದ. ನಾನು ನಾಯಿಯನ್ನು ನೋಡಿದೆ.

ಬೂಟು ಬಿಚ್ಚಿದೆವು. ಮರಳಿನ ಏಣುಗಳು ಗಟ್ಟಿಯಾಗಿ ಪಾದದ ಹಳ್ಳಕ್ಕೆ ಒತ್ತುತ್ತಿದ್ದವು. ನೀರಿಗಿಳಿದ ಮೇಲೆ ಸಣ್ಣ ಕಲ್ಲು. ಮೇ ತಿಂಗಳಾದರೂ ಮೂಳೆ ಕೊರೆಯುವ ತಣ್ಣನೆ ನೀರು. ಪಾದ ಕಾಣುತ್ತಿತ್ತು. ಅವನ ಎಡಗಾಲಿನ ಹೆಬ್ಬೆರಳಿನ ಉಗುರು ಇನ್ನೂ ಅರ್ಧ ಕಪ್ಪು, ಡಾರ್ಸೆಟ್‌ನ ಇಳಿಜಾರಿನಲ್ಲಿ ಕಪ್ಪಾದದ್ದು. ನಡುವಿನಲ್ಲಿ ನೀರು ಮೊಣಕಾಲಿನ ಹತ್ತಿರ ಬಂತು. ಅಷ್ಟೇ. ನೀರು ಎಡದಿಂದ ಬಲಕ್ಕೆ, ನದಿಯಿಂದ ಸಮುದ್ರಕ್ಕೆ, ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಹತ್ತು ನಿಮಿಷವೂ ಆಗಲಿಲ್ಲ, ವಾನ್‌ವೆಲ್‌ನ ಇಳಿಜಾರು ಬಂತು. ಅವನು ಒದ್ದೆ ಕಾಲನ್ನು ಕಲ್ಲಿನ ಮೇಲಿಟ್ಟ. ಎರಡೂ ಕಾಲು ಜೋಡಿಸಿಟ್ಟ. ಫೋಟೋ ತೆಗೆಯಲು ಫೋನು ಕೈಗೆತ್ತಿಕೊಂಡೆ. ಅಲ್ಲಿ ಶಿಲ್ಪ ಇಲ್ಲ, ಬೋರ್ಡಿಲ್ಲ, ಹಿಂದೆ ಮರಗಳು ಮಾತ್ರ. ಇದರಲ್ಲಿ ಅವನು ನಗುತ್ತಿದ್ದಾನೆ.

ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಜಾಸ್ತಿ ಮಾತಾಡಲಿಲ್ಲ. ಅವನು ನಕ್ಷೆಗೆ ಹಚ್ಚುವ ಕೆಂಪು ಪೆನ್ನನ್ನು ಜೇಬಿನಲ್ಲೇ ತಂದಿದ್ದ, ನಕ್ಷೆ ಗೋಡೆಯ ಮೇಲಿದೆ ಅನ್ನುವುದು ಗೊತ್ತಿದ್ದೂ. ನಾನು ಅದನ್ನು ನೋಡಿ ನಕ್ಕೆ. ಆಗ ಅವನು ವಾಚು ನೋಡಿದ.

"ಕಾರೆಲ್ಲಿದೆ?"

ಎರಡೂ ಆ ಕಡೆ, ಮದ್‌ಕೂಮ್‌ನಲ್ಲಿ. ಏಳು ವರ್ಷದಲ್ಲಿ ಕಲಿತ ಕಾರಿನ ನಿಯಮವನ್ನು ಇಬ್ಬರೂ ಒಟ್ಟಿಗೇ ಮರೆತಿದ್ದೆವು. ಗಂಟೆ 1:20. ನೀರು ತಿರುಗಿ ಆಗಲೇ ಅರ್ಧ ಗಂಟೆಯಾಗಿತ್ತು. ಕುಡಿಯುತ್ತಿದ್ದ ಚಹಾವನ್ನು ಮರಳಿಗೆ ಚೆಲ್ಲಿ, ಬೂಟು ಕೊರಳಿಗೆ ಹಾಕಿಕೊಂಡು ಮತ್ತೆ ಇಳಿದೆವು. ಸಮುದ್ರ ಎಡಗಡೆ ಇತ್ತು.